ಗೀರು ಮುಚ್ಚುವ ಕೆಲಸ

ಪಿಸ್ತೂಲು ಹಿಡಿದವರ ಮೇಲೆ ಕತೆಗಳಿವೆ, ಸಿನಿಮಾಗಳಿವೆ. ಪಿಸ್ತೂಲಿನ ಮೈಮೇಲಿನ ಗೀರು ಮುಚ್ಚುವವರ ಮೇಲೆ ಯಾರೂ ಬರೆದದ್ದನ್ನು ನಾವು ಕಂಡಿಲ್ಲ. ಆ ಕೆಲಸ ಮಾಡಿದವರು ನಾವು. ನಾವು ಅಂದರೆ ಹಾಸನ ಜಿಲ್ಲೆಯ ಮಲೆನಾಡು ಮಗ್ಗುಲಿನ ಒಂದೇ ಕೇರಿಯ ಮೂವರು. ಈಗ ಇಬ್ಬರು ಮೇಷ್ಟ್ರು, ಒಬ್ಬ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. 1996ರಿಂದ 1998ರವರೆಗೆ ಪಿಯುಸಿ ಓದುತ್ತ, ಫೇಲಾಗುತ್ತ, ಮತ್ತೆ ಪರೀಕ್ಷೆ ಕಟ್ಟುತ್ತ, ತಾಲ್ಲೂಕು ಪೇಟೆಯ ಒಂದು ಕೋವಿ ರಿಪೇರಿ ಅಂಗಡಿಯಲ್ಲಿ ದಿನಗೂಲಿಗಿದ್ದೆವು.

ಅಂಗಡಿ ಸಾಬರದು. ಅವರ ಅಪ್ಪನೂ ಅದೇ ಕೆಲಸದವರು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅವರು ನಮ್ಮ ಜಾತಿ ಕೇಳಲಿಲ್ಲ. ಕೈ ತೋರಿಸಿ ಅಂದರು. ಮೂವರ ಅಂಗೈ ಒತ್ತಿ ನೋಡಿ, "ಇವನ ಕೈ ಬಹಳ ಬೆವರುತ್ತೆ, ಇವನು ಮರದ ಕೆಲಸ ಮಾಡ್ಲಿ, ಕಬ್ಬಿಣ ಮುಟ್ಟೋದು ಬೇಡ" ಎಂದು ನಮ್ಮಲ್ಲೊಬ್ಬನನ್ನು ಕೋವಿಯ ಹಿಡಿ ಉಜ್ಜಲು ಕೂರಿಸಿದರು. ಮುಟ್ಟಬೇಡ ಅನ್ನುವ ಮಾತನ್ನು ಹುಟ್ಟಿದಾಗಿನಿಂದ ಕೇಳಿದವರು ನಾವು. ಅದಕ್ಕೆ ಕಾರಣವೂ ಇರಬಹುದು ಎಂದು ಗೊತ್ತಾದದ್ದು ಅವತ್ತೇ ಮೊದಲು. ಬೆವರಿನಲ್ಲಿ ಉಪ್ಪಿರುತ್ತೆ. ಉಪ್ಪು ಉಕ್ಕನ್ನು ತಿನ್ನುತ್ತೆ. ಇದು ಗೌಡನ ಬೆವರಿಗೂ ಸೈ, ಹೊಲೆಯನ ಬೆವರಿಗೂ ಸೈ.

ಕಾಫಿ ಸೀಮೆಯಲ್ಲಿ ಕೋವಿ ಇರದ ದೊಡ್ಡಮನೆ ಅಪರೂಪ. ಪಿಸ್ತೂಲು ಅಷ್ಟಿರಲಿಲ್ಲ, ಇದ್ದವರದ್ದು ಗತ್ತೇ ಬೇರೆ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ .32 ಪಿಸ್ತೂಲುಗಳು ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಜಮೀನಿನ ಜೊತೆಗೆ ಬಂದಿದ್ದವು. ಹೊರದೇಶದ ಬಂದೂಕು ತರಿಸುವುದು 1980ರ ದಶಕದಲ್ಲಿ ನಿಂತ ಮೇಲೆ ಹಳೆಯ ಇಂಗ್ಲಿಷ್ ಮಾಲಿಗೆ ಬಂಗಾರದ ಬೆಲೆ. ಹಾಗಾಗಿ ನಮ್ಮಲ್ಲಿಗೆ ಬರುತ್ತಿದ್ದ ಪಿಸ್ತೂಲುಗಳಲ್ಲಿ ಹೆಚ್ಚಿನವು ಹಾರದೆ ಕೆಟ್ಟವಲ್ಲ, ಅಂದ ಕೆಟ್ಟವು. ಆಯುಧಪೂಜೆಗೆ ಒಂದು ತಿಂಗಳಿರುವಾಗ ಜೀಪುಗಳು ಬಂದು ನಿಲ್ಲುತ್ತಿದ್ದವು. "ಇಲ್ನೋಡಿ ಸಾಬ್ರೆ, ಇಷ್ಟುದ್ದ ಗೀರ್ ಬಿದ್ಬುಟ್ಟದೆ. ಬೀಗರು ಬರ್ತಾರೆ, ಮಾನ ಹೋಗ್ತದೆ." ಗೀರು ಅಕ್ಕಿಕಾಳಿನಷ್ಟಿರುತ್ತಿತ್ತು. ಅವರ ತೋಟದ ಲೈನ್ ಮನೆಗಳ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕುಗಳಿದ್ದವು. ಅದರಿಂದ ಯಾರ ಮಾನವೂ ಹೋಗಿರಲಿಲ್ಲ.

ಪಿಸ್ತೂಲಿನ ಆ ನೀಲಿಗಪ್ಪು ಬಣ್ಣವನ್ನು ಎಷ್ಟೋ ಜನ ಪೇಂಟು ಅಂದುಕೊಂಡಿದ್ದಾರೆ. ಅದು ಪೇಂಟಲ್ಲ, ತುಕ್ಕು. ಕಬ್ಬಿಣದ್ದೇ ಇನ್ನೊಂದು ತುಕ್ಕು. ಕೆಂಪು ತುಕ್ಕು ಪೊಳ್ಳು. ನೀರು ಹೀರಿಕೊಂಡು ಒಳಗೊಳಗೇ ತಿನ್ನುತ್ತ ಹೋಗುತ್ತದೆ. ಕಪ್ಪು ತುಕ್ಕು ಒತ್ತಾಗಿ ಕೂರುತ್ತದೆ, ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ, ಕೆಳಗಿನ ಉಕ್ಕನ್ನು ಒಂದು ಮಟ್ಟಿಗೆ ಕಾಯುತ್ತದೆ. ಹಳೇ ಕಾಲದ ಕೆಲಸವೆಂದರೆ ಉಕ್ಕಿಗೆ ಬೇಕೆಂದೇ ಆಸಿಡ್ ಸವರಿ ಕೆಂಪು ತುಕ್ಕು ಹಿಡಿಸಿ, ಅದನ್ನು ಬರೀ ನೀರಲ್ಲಿ ಕುದಿಸಿ ಕಪ್ಪು ಮಾಡಿ, ಸಡಿಲ ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಮತ್ತೆ ತುಕ್ಕು ಹಿಡಿಸುವುದು. ಹೀಗೆ ಹಲವು ಸಲ, ಹಲವು ದಿನ. ಈಗಿನ ಕಾರ್ಖಾನೆಯಲ್ಲಾದರೆ ಕಾಸ್ಟಿಕ್ ಸೋಡ ಮತ್ತು ನೈಟ್ರೇಟ್ ಉಪ್ಪನ್ನು ನೀರಲ್ಲಿ ಕರಗಿಸಿ, ಸುಮಾರು 140 ಡಿಗ್ರಿಯಲ್ಲಿ ಕುದಿಯುವ ತೊಟ್ಟಿಗೆ ಅದ್ದುತ್ತಾರೆ. ಜೋಡುನಳಿಗೆ ಕೋವಿಯನ್ನು ಮಾತ್ರ ಆ ತೊಟ್ಟಿಗೆ ಹಾಕಕೂಡದು. ಎರಡು ನಳಿಗೆಗಳನ್ನು ಕೂಡಿಸಿರುವ ಸೀಸದ ಬೆಸುಗೆಯನ್ನು ಕಾಸ್ಟಿಕ್ ತಿಂದುಬಿಡುತ್ತದೆ. ಪೇಟೆಯಲ್ಲಿ ಯಾರೋ ಹಾಗೆ ಮಾಡಿ ಪಟೇಲರೊಬ್ಬರ ಕೋವಿ ಬಿಚ್ಚಿಕೊಂಡ ಕತೆಯನ್ನು ಸಾಬರು ಮನಸಾರೆ ನಕ್ಕು ಹೇಳುತ್ತಿದ್ದರು.

ಅಕ್ಕಿಕಾಳಿನ ಗೀರಿಗೆ ತೊಟ್ಟಿ ಯಾಕೆ? ಅದಕ್ಕೆ ತಣ್ಣಗಿನ ಔಷಧ ಬೇರೆ ಇದೆ. ಸಣ್ಣ ಬಾಟಲಿ, ತಿಳಿ ನೀಲಿ ನೀರು. ಆದರೆ ಬಾಟಲಿಗೆ ಕೈ ಹಾಕುವ ಮೊದಲು ಒಂದು ಶಾಸ್ತ್ರ. ಸಾಬರು ದಿನಾ ಹೇಳೋರು: "ಏ ಬೇಟಾ, ಮೊದ್ಲು ಹೊಟ್ಟೆ ನೋಡು." ಮ್ಯಾಗಜೀನ್ ಕೆಳಗೆ ಎಳೆದು, ಮೇಲಿನ ಸ್ಲೈಡು ಹಿಂದಕ್ಕೆಳೆದು, ನಳಿಗೆಯ ಬುಡದ ಗೂಡನ್ನು ಕಣ್ಣಿಂದ ನೋಡಿ, ಕಿರುಬೆರಳಿಟ್ಟು ಇನ್ನೊಮ್ಮೆ ನೋಡಬೇಕು. ಖಾಲಿ ಇದೆ ಅಂತ ಯಜಮಾನ ದೇವರ ಮೇಲೆ ಆಣೆ ಇಟ್ಟರೂ ನೋಡಬೇಕು. ಎರಡು ಸಲ ನಮಗೆ ಗುಂಡು ಸಿಕ್ಕಿತ್ತು.

ಆಮೇಲೆ ಕೆಲಸ. ಗೀರಿನೊಳಗೆ ಕೆಂಪು ತುಕ್ಕಿದ್ದರೆ ಎಣ್ಣೆ ಹಾಕಿ ತೀರಾ ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ತೆಗೆಯಬೇಕು. ಎಮೆರಿ ಪೇಪರಿನಿಂದ ಉಜ್ಜಿದರೆ ಗೀರು ಹೋಗುತ್ತದೆ, ಸುತ್ತಲಿನ ಬಣ್ಣವೂ ಹೋಗುತ್ತದೆ, ಕಾಳಿನ ಜಾಗದಲ್ಲಿ ಕಾಸಿನಗಲದ ಬೋಳು ಬೀಳುತ್ತದೆ. ತುಕ್ಕು ಬಿಟ್ಟ ಮೇಲೆ ಜಿಡ್ಡು ತೆಗೆಯಬೇಕು, ಸ್ಪಿರಿಟ್ಟಿನಲ್ಲೋ ಥಿನ್ನರಿನಲ್ಲೋ. ಹೊಸಬರ ಕೆಲಸ ಹಾಳಾಗುವುದೇ ಇಲ್ಲಿ. ಒಂದು ಬೆರಳಿನ ಜಿಡ್ಡು ಉಳಿದರೂ ಔಷಧ ಅಲ್ಲಿ ಹಿಡಿಯುವುದಿಲ್ಲ, ಬೆರಳಚ್ಚಿನ ಸಮೇತ ಬೆಳ್ಳಗೆ ಉಳಿದುಬಿಡುತ್ತದೆ. ಆಮೇಲೆ ಉಕ್ಕನ್ನು ಕೈಗೆ ಬೆಚ್ಚಗೆ ಹತ್ತುವಷ್ಟು ಕಾಯಿಸಿ, ಕಡ್ಡಿಗೆ ಹತ್ತಿ ಸುತ್ತಿ ಔಷಧದಲ್ಲಿ ಅದ್ದಿ, ಗೀರಿಗಷ್ಟೇ ಮುಟ್ಟಿಸಬೇಕು. ಕಣ್ಣೆದುರಲ್ಲೇ ಕಪ್ಪಾಗುತ್ತದೆ. ಒಂದು ನಿಮಿಷದಲ್ಲಿ ನೀರಲ್ಲಿ ತೊಳೆದು, ಒರೆಸಿ, ನಾರಿನಿಂದ ಒಮ್ಮೆ ಸವರಿ, ಮತ್ತೆ ಹಚ್ಚಬೇಕು. ಮೂರು, ನಾಲ್ಕು, ಐದು ಸಲ. ಸುತ್ತಲಿನ ಬಣ್ಣಕ್ಕೆ ಸರಿಹೊಂದಿತು ಅನ್ನಿಸಿದಾಗ ಎಣ್ಣೆ ಹಚ್ಚಿ ರಾತ್ರಿಯೆಲ್ಲ ಬಿಡಬೇಕು. ಕಪ್ಪಾಗುವುದು ಉಕ್ಕಿನ ಮೈಗೆ ಮಾತ್ರ. ಕೆಲವು ಹೊಸ ಪಿಸ್ತೂಲುಗಳ ಅಲ್ಯೂಮಿನಿಯಂ ಮೈಗೆ ಈ ಔಷಧ ಎಷ್ಟು ಹಚ್ಚಿದರೂ ಅಷ್ಟೇ.

ಕೊರೆದ ನಂಬರಿನ ಹತ್ತಿರ ಮಾತ್ರ ನಾರನ್ನೂ ತಾಗಿಸಕೂಡದು. 1959ರ ಆಯುಧ ಕಾಯ್ದೆಯ 8ನೇ ಕಲಮಿನ ಪ್ರಕಾರ ಗುರುತಿನ ನಂಬರು ಅಳಿಸುವುದು ಅಪರಾಧ. ಬಂದೂಕಿಗಾದರೂ ಒಂದು ಗುರುತಿದೆ, ಅದನ್ನು ಅಳಿಸಿದರೆ ಜೈಲು.

ಆ ತಿಳಿ ನೀಲಿ ನೀರಿನಲ್ಲಿ ಸೆಲೆನಿಯಂ ಇರುತ್ತದೆ, ಮೈಲುತುತ್ತ ಇರುತ್ತದೆ. ಸೆಲೆನಿಯಂ ವಿಷ. ಮೈಗೆ ಹೆಚ್ಚಿದರೆ ಉಸಿರು ಬೆಳ್ಳುಳ್ಳಿ ನಾರುತ್ತದೆ, ಉಗುರು ಪೆಡಸಾಗಿ ಮುರಿಯುತ್ತದೆ. ಕೈಚೀಲ ಹಾಕಿಕೊಂಡು, ಗಾಳಿ ಆಡುವ ಕಡೆ ಕೂತು ಮಾಡುವ ಕೆಲಸ ಅದು. ನಮಗೆ ಕೈಚೀಲ ಇರಲಿಲ್ಲ, ಸಾಬರಿಗೂ ಇರಲಿಲ್ಲ. ಅವರ ಉಗುರುಗಳು ಹಳೇ ಕೊಂಬಿನ ಹಾಗಿದ್ದವು. ನಮ್ಮ ಬೆರಳ ತುದಿ ಕಪ್ಪಾಗಿ, ಕಾಲೇಜಿನಲ್ಲಿ ಲೆಕ್ಚರರೊಬ್ಬರು "ಏನ್ರೋ, ಇಂಕಲ್ಲಿ ಸ್ನಾನ ಮಾಡಿದೀರಾ" ಎಂದು ತಮಾಷೆ ಮಾಡಿದ್ದರು.

ಈ ಕಲೆಗಳು ಬರುವುದಾದರೂ ಎಲ್ಲಿಂದ? ಮೊದಲನೆಯದು ಚರ್ಮದ ಒರೆ. ಎಳೆದು ತುರುಕಿ ಎಳೆದು ತುರುಕಿ ನಳಿಗೆಯ ಬಾಯಿ, ಅಂಚುಗಳು ಬೆಳ್ಳಗೆ ಸವೆಯುತ್ತವೆ. ಮಳೆಗಾಲದಲ್ಲಿ ಒರೆಯೊಳಗೇ ಬಿಟ್ಟರೆ ಚರ್ಮ ನೀರು ಹಿಡಿದಿಟ್ಟುಕೊಳ್ಳುತ್ತದೆ, ಹದದ ಉಪ್ಪು ಹುಳಿ ಉಕ್ಕಿಗೆ ತಾಗುತ್ತದೆ, ನವಣೆಕಾಳಿನಂತೆ ತುಕ್ಕು ಏಳುತ್ತದೆ. ಪಿಸ್ತೂಲನ್ನು ಒರೆಯಲ್ಲಿ ಇಡಬಾರದು, ಎಣ್ಣೆ ಬಟ್ಟೆಯಲ್ಲಿ ಇಡಬೇಕು ಅಂತ ಹೇಳಿದರೆ ಯಜಮಾನರು ಕೇಳುತ್ತಿರಲಿಲ್ಲ. "ಆ ಮಾದಿಗ ಸರಿಯಾಗಿ ಹದ ಮಾಡಿಲ್ಲ ಕಣ್ರೀ" ಅನ್ನೋರು. ಸುಣ್ಣದಲ್ಲಿ ನೆನೆಸಿ, ತಂಗಡಿ ಚಕ್ಕೆಯಲ್ಲಿ ವಾರಗಟ್ಟಲೆ ಅದ್ದಿ ತೊಗಲು ಮಾಡಿದವನು ಅಲ್ಲಿರಲಿಲ್ಲ, ಉತ್ತರ ಕೊಡಲು. ಪಕ್ಕದಲ್ಲಿ ಕೂತಿದ್ದ ನಾವೂ ತಲೆ ತಗ್ಗಿಸಿ ಹತ್ತಿ ಸುತ್ತುತ್ತಿದ್ದೆವು.

ಎರಡನೆಯದು ಬೆವರು. ಮೂರನೆಯದು ಪೂಜೆ. ಇದನ್ನು ಬರೆದರೆ ಕೆಲವರಿಗೆ ಕೋಪ ಬರಬಹುದು, ಬರಲಿ. ಪೂಜೆಯ ದಿನ ಪಿಸ್ತೂಲಿಗೆ ಗಂಧ, ಅರಿಸಿನ, ಕುಂಕುಮ ಹಚ್ಚಿ, ಒದ್ದೆ ಸೇವಂತಿಗೆ ಏರಿಸಿ, ಮಾರನೇ ದಿನದವರೆಗೆ ಮಣೆ ಮೇಲೆ ಬಿಡುತ್ತಾರೆ. ತೇವ ಕೂತಲ್ಲೆಲ್ಲ ತುಕ್ಕು ಹುಟ್ಟುತ್ತದೆ. ಬೊಟ್ಟಿನ ಗಾತ್ರದ ದುಂಡು ಕಲೆ ಕಂಡರೆ ಸಾಕು, ಇದು ಪೂಜೆಯದು ಎಂದು ನಾವು ಕತ್ತಲಲ್ಲೂ ಹೇಳುತ್ತಿದ್ದೆವು. ಬೆವರಿನ ಕಲೆಗೆ ಬೆರಳಿನ ಆಕಾರ, ಒರೆಯ ಕಲೆಗೆ ಹೊಲಿಗೆಯ ಆಕಾರ. ಇನ್ನೂ ಒಂದು ಮಾತು. ಪೂಜೆಗೆ ಮುಂಚೆ ನಮ್ಮ ಅಂಗಡಿಯಿಂದ ಹೋದ ಪಿಸ್ತೂಲಿಗೆ ಒಂದು ಮನೆಯಲ್ಲಿ ತೀರ್ಥ ಚಿಮುಕಿಸಿ ಒಳಕ್ಕೆ ತೆಗೆದುಕೊಳ್ಳುತ್ತಿದ್ದರು. ತಲುಪಿಸಲು ಹೋದವನು ನಮ್ಮವನೇ, ಜಗುಲಿ ಕೆಳಗೆ ನಿಂತು ನೋಡಿದ್ದಾನೆ. ನಾವು ಮುಟ್ಟಿದ ಮೈಲಿಗೆ ಕಳೆಯಲು ಚಿಮುಕಿಸಿದ ಆ ನೀರಿನಿಂದಲೇ ಮುಂದಿನ ವರ್ಷಕ್ಕೆ ನಮಗೆ ಕೂಲಿ.

ಈಗ ಕಾನೂನು. ಯಾರ ಕೈಯಲ್ಲಿ ಬಂದೂಕು ಇರಬೇಕು ಅನ್ನುವುದನ್ನು ಈ ದೇಶದಲ್ಲಿ ಮೇಲಿನವರೇ ನಿರ್ಧರಿಸಿದ್ದಾರೆ. ಬ್ರಿಟಿಷರು 1861ರಲ್ಲಿ ಪಕ್ಕದ ಕೊಡಗಿನ ಕೊಡವರಿಗೆ, ಅವರ ನಿಷ್ಠೆ ಮೆಚ್ಚಿ, ಕೋವಿ ಇಟ್ಟುಕೊಳ್ಳಲು ವಿನಾಯಿತಿ ಕೊಟ್ಟರು. 1878ರಲ್ಲಿ ಲಿಟ್ಟನ್ನನ ಕಾಲದ ಕಾಯ್ದೆ ಉಳಿದ ಭಾರತೀಯರ ಕೈ ಕಟ್ಟಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಕೊಡವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಕೊಡಗಿನ ತೋಟಗಳಲ್ಲಿ ತಲೆಮಾರಿನಿಂದ ದುಡಿದ ಎರವರ ನಿಷ್ಠೆಯನ್ನು ಯಾವ ಸಾಹೇಬನೂ ಯಾವ ಕಾಗದದಲ್ಲೂ ಮೆಚ್ಚಲಿಲ್ಲವಲ್ಲ ಎಂಬುದು ಲೆಕ್ಕಕ್ಕೆ ಬರಬೇಕು.

ಇನ್ನೊಂದು ಕಾಗದವಿದೆ. ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಓದಿ ಹೇಳಬೇಕು. 1989ರ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ 1995ರಲ್ಲಿ ಬಂದ ನಿಯಮಗಳು. ಅದರ 3ನೇ ನಿಯಮ ಹೇಳುತ್ತದೆ: ದೌರ್ಜನ್ಯ ನಡೆಯಬಹುದೆಂದು ಗುರುತಿಸಿದ ಪ್ರದೇಶದಲ್ಲಿ, ಅಗತ್ಯ ಕಂಡರೆ, ಪರಿಶಿಷ್ಟ ಜಾತಿ ಪಂಗಡಗಳಿಗೆ ಸೇರದವರ ಬಂದೂಕು ಲೈಸೆನ್ಸು ರದ್ದು ಮಾಡಿ ಆಯುಧಗಳನ್ನು ಸರ್ಕಾರದ ಉಗ್ರಾಣದಲ್ಲಿ ಇಡಿಸಬಹುದು, ಅಗತ್ಯ ಕಂಡರೆ ಪರಿಶಿಷ್ಟರಿಗೇ ಲೈಸೆನ್ಸು ಕೊಡಬಹುದು. ಹಾಸ್ಟೆಲಿನ ಗೆಳೆಯನೊಬ್ಬ ಇದರ ಪ್ರತಿ ತಂದು ತೋರಿಸಿದ ದಿನ ನಾವು ಸುಮಾರು ಹೊತ್ತು ಮಾತಾಡಲಿಲ್ಲ. ಅದಕ್ಕೆ ಹಿಂದಿನ ವರ್ಷ, 1997ರ ಡಿಸೆಂಬರ್ 1ರ ರಾತ್ರಿ, ಬಿಹಾರದ ಲಕ್ಷ್ಮಣಪುರ ಬಾಥೆಯಲ್ಲಿ ರಣವೀರ ಸೇನೆ 58 ದಲಿತರನ್ನು ಕೊಂದಿತ್ತು. ಆ ನಿಯಮ ಆಗಲೇ ಎರಡು ವರ್ಷ ಹಳೆಯದು. (ಕೆಳಕೋರ್ಟು ಶಿಕ್ಷೆ ವಿಧಿಸಿದ 26 ಮಂದಿಯನ್ನೂ 2013ರಲ್ಲಿ ಪಾಟ್ನಾ ಹೈಕೋರ್ಟು ಬಿಡುಗಡೆ ಮಾಡಿತು.) ನಮಗೆ ಪಿಸ್ತೂಲು ಬೇಕೆ ಎಂದು ನಾವು ನಾವೇ ಜಗಳವಾಡಿದೆವು. ನಮ್ಮಲ್ಲೊಬ್ಬ ಬೇಕು ಅಂದ. ಇಬ್ಬರು, ಮೊದಲು ಅವರದ್ದು ಉಗ್ರಾಣಕ್ಕೆ ಹೋಗಲಿ ಅಂದೆವು. ಆ ಜಗಳ ಇವತ್ತಿಗೂ ಮುಗಿದಿಲ್ಲ.

1998ರ ಆಯುಧಪೂಜೆಗೆ ಮೂರು ವಾರ ಇರುವಾಗ ಒಂದು ವೆಬ್ಲಿ ಬಂತು. ಯಜಮಾನರು ಖುದ್ದು ಬರಲಿಲ್ಲ, ರೈಟರು ಲೈಸೆನ್ಸಿನ ಪುಸ್ತಕದ ಸಮೇತ ತಂದ. "ಕುಂಕುಮದ ನೀರು ಬಿದ್ದು ಕಲೆಯಾಗದೆ, ಬೇಗ ಆಗ್ಬೇಕಂತೆ." ಹೊಟ್ಟೆ ನೋಡಿ, ಬೆಳಕಿಗೆ ಹಿಡಿದೆವು. ಕಳೆದ ಪೂಜೆ ಆಗಿ ಹನ್ನೊಂದು ತಿಂಗಳಾಗಿತ್ತು. ಈ ತುಕ್ಕು ಹೊಸದು, ಇನ್ನೂ ಕಿತ್ತಳೆ ಬಣ್ಣ. ದುಂಡು ಬೊಟ್ಟಲ್ಲ, ಸಿಡಿದ ಹನಿಗಳು, ಒಂದು ಕಡೆಗೆ ಬಾಲ ಎಳೆದಿದ್ದವು. ಹಿಡಿಯ ಪಟ್ಟಿಯ ತಿರುಪು ಬಿಚ್ಚಿದರೆ ಸಂದಿನಲ್ಲಿ ಒಣಗಿದ ಕರಿ ಹೆಕ್ಕಳ. ರಕ್ತದಲ್ಲೂ ಉಪ್ಪಿರುತ್ತದೆ.

ನಮಗೆ ಯಾರ ರಕ್ತ ಅಂತ ಗೊತ್ತಿತ್ತು. ಒಂಬತ್ತು ದಿನದ ಹಿಂದೆ, ಕೇರಿಯ ಸುಡುಗಾಡಿನ ದಾರಿಗೆ ತಂತಿಬೇಲಿ ಹಾಕಿದ್ದನ್ನು ಕೇಳಲು ಹೋದ ನಮ್ಮ ದೊಡ್ಡಪ್ಪನನ್ನು, ಹಣೆಯಲ್ಲಿ ಏಳು ಹೊಲಿಗೆಯ ಗಾಯದ ಸಮೇತ ಎತ್ತಿನಗಾಡಿಯಲ್ಲಿ ಆಸ್ಪತ್ರೆಗೆ ಕರೆತಂದವರು ನಾವೇ. ಠಾಣೆಯಲ್ಲಿ ಬರೆದುಕೊಂಡದ್ದು, ಕುಡಿದು ಕಲ್ಲಿನ ಮೇಲೆ ಬಿದ್ದ ಅಂತ. ದೊಡ್ಡಪ್ಪ ಕುಡಿಯುವವನಲ್ಲ.

ನಾವು ಹತ್ತಿ ಕೆಳಗಿಟ್ಟೆವು. "ಸಾಬ್ರೆ, ಇದನ್ನ ನಾವು ಮುಟ್ಟಲ್ಲ." ಯಾಕೆ ಅಂದರು. ಹೇಳಿದೆವು. ಸಾಬರು ಪಿಸ್ತೂಲನ್ನು ಬಾಗಿಲ ಬೆಳಕಿಗೆ ಒಯ್ದು ತುಂಬ ಹೊತ್ತು ನೋಡಿದರು. ಅವರಿಗೂ ಹೆದರಿಕೆ, ರಿಪೇರಿ ಲೈಸೆನ್ಸು ಅವರ ಹೆಸರಲ್ಲಿ, ವರ್ಷವರ್ಷ ಅದೇ ಆಫೀಸುಗಳ ಮೆಟ್ಟಿಲು ಹತ್ತಬೇಕು. ಆಮೇಲೆ ರಿಜಿಸ್ಟರು ತೆಗೆದು, ಬಂದ ತಾರೀಖು, ನಂಬರು, ಯಜಮಾನರ ಹೆಸರು ಬರೆದು, ಷರಾ ಕಾಲಮ್ಮಿನಲ್ಲಿ ಕಲೆ ಎಲ್ಲೆಲ್ಲಿದೆ, ಹಿಡಿಯ ಪಟ್ಟಿಯ ಒಳಗೆ ಏನಿದೆ ಎಂಬುದನ್ನೂ ಬರೆದರು. "ಔಷಧ ಸ್ಟಾಕಿಲ್ಲ, ಕೆಲಸ ಮಾಡದೆ ವಾಪಸ್" ಎಂದು ಕೊನೆಗೆ ಸೇರಿಸಿದರು. ಬಾಟಲಿ ಎದುರಿಗೇ ಇತ್ತು.

ನಾವು 3ನೇ ನಿಯಮ ಉದ್ಧರಿಸಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಟ್ಟೆವು. ಕೇರಿಯ ಹದಿನೇಳು ಮಂದಿ ಸಹಿ ಮಾಡಿದರು, ಅದರಲ್ಲಿ ಒಂಬತ್ತು ಹೆಬ್ಬೆಟ್ಟು. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿ ನಮ್ಮ ಹತ್ತಿರವಿದೆ. ಉತ್ತರ ಬರಲಿಲ್ಲ. ಸಾಬರ ರಿಜಿಸ್ಟರನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಬೇಲಿಯನ್ನು ಎರಡು ವರ್ಷದ ಮೇಲೆ, ಸಂಘದವರು ಹೆಣ ಇಟ್ಟುಕೊಂಡು ರಸ್ತೆಯಲ್ಲಿ ಕೂತ ದಿನ ಕಿತ್ತರು.

ಪಿಸ್ತೂಲನ್ನು ಬೇರೆ ಊರಲ್ಲಿ ಬಣ್ಣ ಮಾಡಿಸಿದರಂತೆ. ಆ ಮನೆಯಲ್ಲಿ ಅದಕ್ಕೆ ಈಗಲೂ ಪೂಜೆ ಆಗುತ್ತದೆ ಎಂದು ಕೇಳಿದ್ದೇವೆ. ಔಷಧ ಬಣ್ಣ ಕೊಡುತ್ತದೆಯೇ ಹೊರತು ತುಕ್ಕು ತಿಂದ ಕುಳಿಯನ್ನು ತುಂಬುವುದಿಲ್ಲ. ನೋಡಬೇಕೆನ್ನುವ ಅಧಿಕಾರಿ ಯಾರಾದರೂ ಇದ್ದರೆ, ಬಿಸಿಲಿಗೆ ಅಡ್ಡ ಹಿಡಿದು ನೋಡಲಿ. ನಳಿಗೆಯ ಬಾಯಿಂದ ಒಂದು ಅಂಗುಲ ಹಿಂದೆ, ಎಡಗಡೆ, ಐದು ಕುಳಿಗಳು, ಬಾಲ ಹಿಡಿಯ ಕಡೆಗೆ.