ಟ್ಯಾಪೆಟ್ಟಿನ ಸದ್ದು

ಮೂಡಿಗೆರೆಯ ನಮ್ಮ ಮನೆಯ ಶೆಡ್ಡಿನಲ್ಲಿ ಅಪ್ಪನ ಅಂಬಾಸಿಡರ್ ಕಾರು ಹದಿನಾಲ್ಕು ವರ್ಷ ನಿಂತೇ ಇತ್ತು. 1970ರ ಮಾರ್ಕ್ 2 ಮಾದರಿಯ ಆ ಕಾರನ್ನು ಬಾಡಿಗೆಗೆ ಓಡಿಸಿಯೇ ಅವರು ನಮ್ಮಿಬ್ಬರನ್ನೂ ಓದಿಸಿದ್ದರು. ನಡುರಾತ್ರಿಯಲ್ಲಿ ಬಾಗಿಲು ತಟ್ಟಿದವರ ಮನೆಯ ರೋಗಿಗಳನ್ನು, ಹೆರಿಗೆ ನೋವಿನ ಹೆಣ್ಣುಮಕ್ಕಳನ್ನು ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿನ ಆಸ್ಪತ್ರೆ ಮುಟ್ಟಿಸಿದ ಗಾಡಿ ಅದು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತುಹೋಗಿತ್ತು. ಆದರೂ 2022ರಲ್ಲಿ ನನ್ನ ತಮ್ಮ, ಅಪ್ಪನ ನೆನಪಿಗೆಂದು, ಅದರ ಎಂಜಿನ್ನನ್ನು ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದ. ಕಟ್ಟಿದವರು ಅಪ್ಪನ ಕಾಲದಿಂದಲೂ ಆ ಗಾಡಿಯ ನಾಡಿ ಬಲ್ಲ ವೃದ್ಧ ಮೇಸ್ತ್ರಿ.

ಎಂಜಿನ್ ಜೀವ ತಳೆದ ದಿನ ಮನೆಮಂದಿಯ ಸಂತೋಷ ಹೇಳತೀರದು. ಆದರೆ ಮೇಲ್ಭಾಗದಿಂದ 'ಟಿಕ್ ಟಿಕ್' ಎಂಬ ಸಣ್ಣ ಸದ್ದು ಬಿಡದೆ ಕೇಳುತ್ತಿತ್ತು. "ಸ್ವಲ್ಪ ಓಡಲಿ. ಆಮೇಲೆ ಹೆಡ್ ಮತ್ತೊಮ್ಮೆ ಬಿಗಿದು ಟ್ಯಾಪೆಟ್ ನೋಡೋಣ," ಎಂದರು ಮೇಸ್ತ್ರಿ. ಇಷ್ಟು ಹಣ ಸುರಿದ ಮೇಲೂ ಸದ್ದೇ ಎಂದು ತಮ್ಮ ಗೊಣಗಿದ.

ಮೇಸ್ತ್ರಿಯ ಮಾತಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಬಾಲ್ಯದಲ್ಲಿ ಅಪ್ಪನ ಪಕ್ಕ ನಿಂತು ಸ್ಪ್ಯಾನರ್ ಕೊಡುತ್ತಿದ್ದವನು ನಾನು. ಒಂದು ಭಾನುವಾರದ ಮಧ್ಯಾಹ್ನ ಮನೆಗೆ ಹೋದಾಗ, ಯಾರೂ ಇಲ್ಲದ ಹೊತ್ತಿನಲ್ಲಿ ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದು, ಸದ್ದು ಅಡಗುವವರೆಗೆ ಟ್ಯಾಪೆಟ್ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದೆ. ಸಂಜೆ ತಮ್ಮ ಬಂದು ಕಿವಿಗೊಟ್ಟು, "ತಾನಾಗಿಯೇ ಸರಿಹೋಯಿತು, ಅಣ್ಣ," ಎಂದ. ನಾನು ನಕ್ಕು ಸುಮ್ಮನಾದೆ.

ಎರಡು ತಿಂಗಳಲ್ಲಿ ಕಾರು ಏರಿನಲ್ಲಿ ದಮ್ಮು ಕಟ್ಟಿದಂತೆ ಏದುಸಿರು ಬಿಡತೊಡಗಿತು. ನಿಂತಲ್ಲಿ ಎಂಜಿನ್ ನಡುಗುತ್ತಿತ್ತು. ಸೈಲೆನ್ಸರಿನಿಂದ ತಾಳ ತಪ್ಪಿದ ಉಸಿರು. ತಮ್ಮ ಕೆಂಡವಾದ. ಕೆಲಸ ಕೆಟ್ಟದಾಗಿದೆಯೆಂದು ಮೇಸ್ತ್ರಿಗೆ ಕೊಡಬೇಕಿದ್ದ ಉಳಿದ ಹಣವನ್ನು ತಡೆಹಿಡಿದ. ಊರಿನಲ್ಲಿ ನಾಲ್ಕು ಜನರ ಮುಂದೆಯೂ ಹಾಗೆಯೇ ಆಡಿದ.

ಮೇಸ್ತ್ರಿ ವಾದಕ್ಕೆ ನಿಲ್ಲಲಿಲ್ಲ, ಗಾಡಿ ನೋಡಲು ಬಂದರು. ಅಂದು ನಾನೂ ಮನೆಯಲ್ಲಿದ್ದೆ. ಅವರು ಎಂಜಿನ್ ನಡೆಯುತ್ತಿರುವಂತೆಯೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಳಚಿದರು. ಒಂದು, ಎರಡು, ನಾಲ್ಕನೆಯ ಸಿಲಿಂಡರಿನ ವೈರು ತೆಗೆದಾಗ ಎಂಜಿನ್ ಕುಗ್ಗಿತು. ಮೂರನೆಯದನ್ನು ತೆಗೆದಾಗ ಏನೂ ವ್ಯತ್ಯಾಸವಾಗಲಿಲ್ಲ, ಎಂದರೆ ಅದು ದುಡಿಯುತ್ತಲೇ ಇರಲಿಲ್ಲ. ಒತ್ತಡ ಅಳೆಯುವ ಗೇಜ್ ಹಾಕಿದರೆ ಉಳಿದ ಮೂರರಲ್ಲಿ ಇದ್ದುದರ ಅರ್ಧವೂ ಅಲ್ಲಿ ಇರಲಿಲ್ಲ. ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರು. ಪಿಸ್ಟನ್ ರಿಂಗ್ ಸೋರುತ್ತಿದ್ದರೆ ಆ ಎಣ್ಣೆ ಸಂದು ಮುಚ್ಚಿ ಒತ್ತಡ ಏರಬೇಕಿತ್ತು. ಮುಳ್ಳು ಕದಲಲಿಲ್ಲ. "ಹಾಗಾದರೆ ವಾಲ್ವ್," ಎಂದು ಮುಚ್ಚಳ ತೆರೆದರು.

ಈ ಎಂಜಿನ್ನಿಗೆ ಎಂಟು ವಾಲ್ವ್‌ಗಳು. ಕೆಳಗೆ ತಿರುಗುವ ಕ್ಯಾಮ್ ದಂಡ ಪುಷ್ ರಾಡನ್ನು ಎತ್ತುತ್ತದೆ, ರಾಡು ರಾಕರನ್ನು ಎತ್ತುತ್ತದೆ, ರಾಕರ್ ವಾಲ್ವನ್ನು ಒತ್ತಿ ತೆರೆಯುತ್ತದೆ. ವಾಲ್ವ್ ಮುಚ್ಚಿರುವಾಗ ಅದಕ್ಕೂ ರಾಕರಿಗೂ ನಡುವೆ, ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹದಿನೈದು ಪಾಲಿನಷ್ಟು, ಸುಮಾರು 0.38 ಮಿಲಿಮೀಟರ್, ಅಂತರವಿರಬೇಕು. ಮೂರನೆಯ ಸಿಲಿಂಡರಿನ ಹೊಗೆ ವಾಲ್ವ್ ಸಾಲಿನಲ್ಲಿ ಐದನೆಯದು. ನಾಲ್ಕನೆಯ ವಾಲ್ವ್ ಪೂರ್ತಿ ತೆರೆದಾಗ ಐದನೆಯದನ್ನು ಅಳೆಯಬೇಕು. ಎರಡೂ ಸಂಖ್ಯೆ ಕೂಡಿದರೆ ಒಂಬತ್ತಾಗಬೇಕೆಂಬುದು ಇದರ ಲೆಕ್ಕ. ಮೇಸ್ತ್ರಿಯ ಫೀಲರ್ ಗೇಜಿನ ಅತಿ ತೆಳುವಾದ ಎಲೆಯೂ ಅಲ್ಲಿ ತೂರಲಿಲ್ಲ.

ಹೆಡ್ ಇಳಿಸಿದಾಗ ಆ ವಾಲ್ವಿನ ಅಂಚು ಇಲಿ ಕಚ್ಚಿದಂತೆ ಸುಟ್ಟು ಹೋಗಿತ್ತು. ಮೇಸ್ತ್ರಿ ಕಾರಣ ವಿವರಿಸಿದರು. ಬೆಂಕಿಯಂಥ ಹೊಗೆಯಲ್ಲಿ ಮೀಯುವ ವಾಲ್ವ್, ತನ್ನ ಪೀಠದ ಮೇಲೆ ಪೂರ್ತಿ ಕುಳಿತಾಗ ಮಾತ್ರ ಮೈಯ ಬಿಸಿಯನ್ನು ಹೆಡ್ಡಿಗೆ ಇಳಿಸಿ ತಂಪಾಗುತ್ತದೆ. ಹೊಸ ಎಂಜಿನ್ನಿನಲ್ಲಿ ವಾಲ್ವ್ ಓಡುತ್ತ ಓಡುತ್ತ ಪೀಠಕ್ಕೆ ಇಳಿದು ಒಗ್ಗಿಕೊಳ್ಳುವಾಗ ಅಂತರ ಇನ್ನಷ್ಟು ಕಡಿಮೆಯಾಗುತ್ತದೆ. ಮೊದಲೇ ಬಿಗಿದಿದ್ದರೆ ಕೊನೆಗೆ ಅದಕ್ಕೆ ಕೂರುವ ಅವಕಾಶವೇ ಇರುವುದಿಲ್ಲ. ಎರಡು ಮತ್ತು ಮೂರನೆಯ ಸಿಲಿಂಡರುಗಳ ಹೊಗೆ ಒಂದೇ ದಾರಿಯಲ್ಲಿ ಹೊರಡುವುದರಿಂದ ಅಲ್ಲಿ ಕಾವೂ ಹೆಚ್ಚು. "ಫಾದರ್, ಸದ್ದು ಮಾಡುವ ಟ್ಯಾಪೆಟ್ಟಿಗೆ ನಾನು ಹೆದರುವುದಿಲ್ಲ. ಸದ್ದಿಲ್ಲದೆ ಬಿಗಿದು ಕೂತದ್ದಕ್ಕೆ ಹೆದರುತ್ತೇನೆ," ಎಂದರು.

ಮೊದಲಿನ ಸದ್ದಿನ ಮೂಲವೂ ಸಿಕ್ಕಿತು. ಒಂದು ಹಳೆಯ ರಾಕರಿನ ಮುಖದಲ್ಲಿ ಸವೆದ ಕುಳಿಯಿತ್ತು. ಗೇಜಿನ ಎಲೆ ಕುಳಿಯ ಮೇಲೆ ಸೇತುವೆಯಂತೆ ನಿಂತು ಅಂತರ ಸರಿಯಿದೆಯೆಂದು ಸುಳ್ಳು ಹೇಳಿತ್ತು. "ಇದನ್ನು ನಾನು ಆಗಲೇ ನೋಡಬೇಕಿತ್ತು. ಇಷ್ಟು ತಪ್ಪು ನನ್ನದು," ಎಂದು ತಮ್ಮನ ಎದುರೇ ಒಪ್ಪಿಕೊಂಡರು ಆ ಮನುಷ್ಯ.

ಆಮೇಲೆ ಅವರು ಲಾಕ್‌ನಟ್ಟುಗಳ ಮೇಲಿನ ಹೊಸ ಗೀರುಗಳನ್ನು ಬೆರಳಿನಿಂದ ಸವರಿದರು. ಕ್ಷಣಕಾಲ ನನ್ನ ಮುಖ ನೋಡಿದರು. ಏನೂ ಹೇಳದೆ ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

ಪ್ರಿಯ ಓದುಗರೇ, ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಇತರರ ಪಾಪನಿವೇದನೆಗೆ ಕಿವಿಗೊಟ್ಟವನು ನಾನು. ಆದರೆ ಅಂದು ಒಡಹುಟ್ಟಿದವನ ಮುಂದೆ ಒಂದು ವಾಕ್ಯ ಆಡಲು ನನ್ನ ನಾಲಿಗೆ ಏಳಲಿಲ್ಲ. ಮೇಸ್ತ್ರಿ ತಮ್ಮ ಪಾಲಿನ ತಪ್ಪನ್ನು ಅಷ್ಟು ಸರಳವಾಗಿ ಒಪ್ಪಿಕೊಂಡಿರದಿದ್ದರೆ ನಾನು ಸುಮ್ಮನೇ ಇದ್ದುಬಿಡುತ್ತಿದ್ದೆನೇನೋ. "ಬಿಗಿದದ್ದು ನಾನು," ಎಂದೆ. ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಒಳಗೆ ಹೋಗಿ ತಡೆಹಿಡಿದ ಹಣ ತಂದು ಮೇಸ್ತ್ರಿಯ ಕೈಗಿತ್ತ. ಮರುದಿನ, ಯಾರ ಮುಂದೆ ಅವರನ್ನು ಹಳಿದಿದ್ದನೋ ಅವರ ಬಳಿಗೆ ನಾವಿಬ್ಬರೂ ಜೊತೆಯಾಗಿ ಹೋದೆವು.

ಹೊಸ ವಾಲ್ವ್ ಹಾಕಿಸಿ, ರಾಕರಿನ ಮುಖ ನುಣುಪು ಮಾಡಿಸಿ, ಅಂತರಗಳನ್ನು ಸರಿಯಾಗಿ ಇಟ್ಟಾಯಿತು. ಈಗಲೂ ಕಿವಿಗೊಟ್ಟರೆ ಸಣ್ಣಗೆ ಟಿಕ್ ಟಿಕ್ ಕೇಳುತ್ತದೆ. ಅದನ್ನು ಕೇಳಿ ಜಗುಲಿಯಲ್ಲಿ ಕುಳಿತಿದ್ದ ಅಮ್ಮ ಅಂದರು: "ಅದಕ್ಕೇನು ಮಗಾ? ನಿಮ್ಮಪ್ಪ ಓಡಿಸುವಾಗಲೂ ಅದು ಹಾಗೇ ಸದ್ದು ಮಾಡುತ್ತಿತ್ತಲ್ಲ!"