ಉಪ್ಪು ಎರಡು ಸಲ

ಕೊಪ್ಪದ ಕಡೆಯ ತೋಟದ ಮನೆಯ ಆ ಗೃಹಿಣಿಗೆ ಲೆಕ್ಕ ಬರೆದಿಡುವ ಅಭ್ಯಾಸವಿರಲಿಲ್ಲ. ಕೊನೆಗಾರನಿಗಿತ್ತ ಮುಂಗಡ, ಶೃಂಗೇರಿಯ ನೆಂಟರ ಮನೆಯ ಉಪನಯನದ ದಿನ, ನರಸಿಂಹರಾಜಪುರದ ಅಂಗಡಿಯ ಬಾಕಿ, ಎಲ್ಲವೂ ಆಕೆಯ ನಾಲಗೆಯ ತುದಿಯಲ್ಲಿ. ಆಮೇಲೆ ಸ್ತನ ಕ್ಯಾನ್ಸರು ಬಂದಿತು. 21 ದಿನಕ್ಕೊಮ್ಮೆ ಆಗುಂಬೆ ಘಟ್ಟದ 14 ತಿರುವುಗಳನ್ನಿಳಿದು ಮಣಿಪಾಲಕ್ಕೆ ಪಯಣ, ಕೀಮೋಥೆರಪಿ. ಮೂರನೆಯ ಸಲ ಹೋಗಿಬಂದ ಮೇಲೆ ಸಾರಿಗೆ ಎರಡು ಬಾರಿ ಉಪ್ಪು ಬಿತ್ತು. ಮತ್ತೊಂದು ದಿನ ಸ್ವಂತ ತಂಗಿಯ ಮಗನ ಹೆಸರೇ ಬಾಯಿಗೆ ಬಾರದಾಯಿತು.

"ಅಮ್ಮನಿಗೆ ಅರುಳುಮರುಳು" ಎಂದು ಮಕ್ಕಳು ನಕ್ಕರು. ಆಕೆಯೂ ನಕ್ಕಳು. ರೋಗ ತಲೆಗೇರಿತೋ ಎಂಬ ಅಂಜಿಕೆಯನ್ನು ಮಾತ್ರ ಗಂಡನಿಗೂ ಹೇಳಲಿಲ್ಲ, ವೈದ್ಯರಿಗೂ ಹೇಳಲಿಲ್ಲ. ಕೂದಲುದುರುವುದು ಊರಿಗೆಲ್ಲ ಗೊತ್ತು. ಮಾತು ಜಾರುವುದನ್ನು ಯಾರು ಹೇಳುತ್ತಾರೆ?

ಇದಕ್ಕೆ 'ಕೀಮೋ ಬ್ರೇನ್' ಎಂಬ ಹೆಸರೇ ಇದೆ. ಹೆಸರು ಪೂರ್ತಿ ನ್ಯಾಯವಾದುದಲ್ಲ: ಕೆಲವರಲ್ಲಿ ಔಷಧದ ಮೊದಲ ಹನಿ ರಕ್ತ ಸೇರುವ ಮುನ್ನವೇ ಈ ಮಂಕು ಕಾಣುವುದುಂಟು. ರೋಗದ ಚಿಂತೆ, ನಿದ್ದೆಗೇಡು, ರಕ್ತಹೀನತೆ, ಹಾರ್ಮೋನಿನ ಮಾತ್ರೆ, ಎಲ್ಲದರ ಪಾಲೂ ಇದರಲ್ಲಿರಬಹುದು. ಇದು ಹುಚ್ಚಲ್ಲ, ಮುಪ್ಪಿನ ಮರೆವೂ ಅಲ್ಲ. ಮುಪ್ಪಿನ ಮರೆವನ್ನಳೆಯುವ ಚಿಕ್ಕ ಪರೀಕ್ಷೆಗಳಿಗೆ ಅನೇಕ ವೇಳೆ ಸಿಕ್ಕುವುದೂ ಇಲ್ಲ. ರೋಗಿ ಬಾಯಿಬಿಟ್ಟರೇ ವೈದ್ಯರಿಗೆ ತಿಳಿದೀತು. ರಕ್ತಹೀನತೆಗೂ ನಿದ್ದೆಗೇಡಿಗೂ ಮದ್ದುಂಟು. ಉಳಿದುದು ಹೆಚ್ಚಿನವರಲ್ಲಿ ಚಿಕಿತ್ಸೆ ಮುಗಿದ ಕೆಲವು ತಿಂಗಳುಗಳಲ್ಲಿ ತಿಳಿಯಾಗುತ್ತದೆ, ಕೆಲವರಲ್ಲಿ ವರ್ಷಗಳೇ ಹಿಡಿಯುತ್ತವೆ.

ಸೊಸೆ ಜಾಣೆ. ಏನೂ ಹೇಳದೆ ಒಲೆಯ ಪಕ್ಕದ ಗೂಡಿನಲ್ಲಿ ಒಂದು ಪುಸ್ತಕ, ದಾರ ಕಟ್ಟಿದ ಪೆನ್ಸಿಲು ಇಟ್ಟಳು. ಮೊದಲ ಸಾಲಿನಲ್ಲಿ ತನ್ನದೇ ಕೆಲಸ ಬರೆದುಕೊಂಡಳು: ಹಾಲಿಗೆ ಹೆಪ್ಪು, ಕರುವಿಗೆ ಹುಲ್ಲು. ಸಂಜೆಯ ಹೊತ್ತಿಗೆ ಎರಡನೆಯ ಸಾಲು ಅತ್ತೆಯ ಕೈಬರಹದಲ್ಲಿತ್ತು.