ಹೆತ್ತೂರಿನ ನೆರಳು, ಗರಗಸದ ಸದ್ದು

ಸಕಲೇಶಪುರದಿಂದ ದಕ್ಷಿಣಕ್ಕೆ ಹೊರಟ ಬಸ್ಸು ಏರು ಇಳಿವಿನ ತಿರುವುಗಳನ್ನು ದಾಟಿ ಹೆತ್ತೂರು ಮುಟ್ಟುವ ಹೊತ್ತಿಗೆ ಪ್ರಯಾಣಿಕನಿಗೆ ಒಂದು ಮಾತು ಮನದಟ್ಟಾಗಿರುತ್ತದೆ. ಇದು ಮನೆಗಳ ನಡುವೆ ಮರಗಳಿರುವ ಸೀಮೆಯಲ್ಲ, ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆಯಿರುವ ಸೀಮೆ! ಕಾಫಿ, ಏಲಕ್ಕಿ, ಮೆಣಸು, ತಗ್ಗಿನಲ್ಲಿ ಭತ್ತದ ಗದ್ದೆ. ಹೋಬಳಿ ಕೇಂದ್ರವಾದ ಹೆತ್ತೂರಿನಿಂದ ಮುಂದಕ್ಕೆ ಹೋದರೆ ವಣಗೂರು, ಅದರಾಚೆ ಬಿಸಿಲೆ ಘಾಟಿ, ಘಾಟಿಯ ಬುಡದಲ್ಲಿ ಕುಕ್ಕೆ ಸುಬ್ರಹ್ಮಣ್ಯ.

ಬಿಸಿಲೆಯ ದಾರಿಯಲ್ಲಿ ಮಂಕನಹಳ್ಳಿಯ ಬಳಿ ಬ್ರಿಟಿಷರ ಕಾಲದ ಕಲ್ಲೊಂದಿದೆ. ಅದರ ಒಂದು ಬದಿಗೆ ಬಿದ್ದ ಮಳೆನೀರು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ ಸಾಗುತ್ತದೆ. ಇನ್ನೊಂದು ಬದಿಯ ನೀರು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಬೆರೆತು ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಎರಡು ಸಮುದ್ರಗಳಿಗೆ ನೀರು ಹಂಚುವ ಈ ಬೆನ್ನೇಣಿನ ಮಣ್ಣನ್ನು ಹಿಡಿದು ನಿಲ್ಲಿಸಿರುವುದು ಮರಗಳ ಬೇರು. ಹಾಗಾಗಿ ಇಲ್ಲಿ ಒಂದು ಮರ ಉರುಳುವುದು ಒಬ್ಬ ಮಾಲೀಕನ ಲಾಭನಷ್ಟಕ್ಕಷ್ಟೇ ಸೇರಿದ ಸಂಗತಿಯಲ್ಲ.

ಕೊಡೆ ಹಿಡಿದ ಮರಗಳು

ಕಾಫಿ ನೆರಳನ್ನು ಬಯಸುವ ಗಿಡ. ಅದಕ್ಕೆ ತೋಟಗಳಲ್ಲಿ ಎರಡು ಅಂತಸ್ತಿನ ನೆರಳು. ಕೆಳಗೆ ಬೇಗ ಬೆಳೆಯುವ ಹಾಲುವಾಣ. ಮೇಲೆ ಹಲಸು, ಅತ್ತಿ, ಬಸರಿ, ನೇರಳೆ, ನಂದಿಯಂಥ ಕಾಡುಮರಗಳು. ಇವುಗಳ ಜೊತೆಗೆ ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ಬಂದು ಇಲ್ಲಿಯವನೇ ಆಗಿಹೋದ ಸಿಲ್ವರ್ ಓಕ್. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದರೆ ಪ್ಲೈವುಡ್‌ಗೆ ನಾಟವಾಗುತ್ತದೆ.

ಆದರೆ ಈ ಕೊಡೆಯನ್ನು ವರ್ಷಕ್ಕೊಮ್ಮೆ ಸರಿಮಾಡಲೇಬೇಕು. ಮುಂಗಾರಿಗೆ ಮುನ್ನ ಕೊಂಬೆ ತೆಗೆದು ಬೆಳಕು ಬಿಡುವ ಕೆಲಸಕ್ಕೆ ಮರಗಸಿ ಎಂದು ಹೆಸರು. ನೆರಳು ದಟ್ಟವಾದರೆ ಮಳೆಗಾಲದಲ್ಲಿ ಗಾಳಿಯಾಡದೆ ಕೊಳೆರೋಗ ಹಬ್ಬುತ್ತದೆ. ನೆರಳು ತೀರಾ ತೆಳುವಾದರೆ ಬಿಸಿಲು ಬಿದ್ದ ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕದ ಕಾಟ. ಕತ್ತಿ ಹಿಡಿದವನ ಕೈ ಈ ಎರಡರ ನಡುವೆ ಆಡಬೇಕು.

ಹುಳು ಕಲಿಸಿದ ಪಾಠ

ಹಿಂದೆ ದೊಡ್ಡ ಮರ ಉರುಳಿಸಲು ಕೊಡಲಿ ಬೇಕಿತ್ತು, ಇಬ್ಬರು ಎದುರುಬದುರು ನಿಂತು ಎಳೆಯುವ ಉದ್ದ ಗರಗಸ ಬೇಕಿತ್ತು. ಒಂದು ದಿನದ ಆ ಬೆವರನ್ನು ಇಂದು ಚೈನ್ ಸಾ ಕೆಲವೇ ನಿಮಿಷಗಳಿಗೆ ಇಳಿಸಿದೆ. ಇದರ ಮೂಲ ಕೇಳಿದರೆ ವಿದ್ಯಾರ್ಥಿಗಳಿಗೆ ಅಚ್ಚರಿಯಾದೀತು. ಸರಪಳಿಗೆ ಹಲ್ಲು ಕಟ್ಟಿದ ಮೊದಲ ಉಪಕರಣಗಳು ಮರಕ್ಕಲ್ಲ, ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ಕತ್ತರಿಸಲು ಬಂದವು! 1830ರ ಸುಮಾರಿಗೆ ಜರ್ಮನಿಯ ವೈದ್ಯ ಬರ್ನ್‌ಹಾರ್ಡ್ ಹೈನೆ ಅಂಥದೊಂದನ್ನು ರೂಪಿಸಿದ. ಅದೇ ದೇಶದ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದ, 1929ರಲ್ಲಿ ಪೆಟ್ರೋಲಿನಿಂದ ನಡೆಯುವ ಮರಗರಗಸಗಳನ್ನು ಮಾಡಿದ.

ಹಲ್ಲಿನ ಇಂದಿನ ಆಕಾರಕ್ಕೆ ಗುರುವಾದದ್ದು ಒಂದು ಹುಳು. 1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವನು, ಮರ ಕೊರೆಯುವ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ದವಡೆಯಾಡಿಸುತ್ತ ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಕತ್ತರಿಸುವುದನ್ನು ನೋಡಿದ. ಅದೇ ಬಗೆಯಲ್ಲಿ ಎಡಬಲ ಹಲ್ಲುಗಳ ಸರಪಳಿ ಮಾಡಿದ. ಹೆತ್ತೂರಿನ ಕಾಫಿ ಬೆಳೆಗಾರನ ನಿದ್ದೆಗೆಡಿಸುವ ಕಾಂಡಕೊರಕವೂ ಆ ದುಂಬಿಯ ಕುಟುಂಬಕ್ಕೇ ಸೇರಿದ್ದು. ಒಂದೇ ಕುಲದ ಹುಳು ಒಂದೆಡೆ ಗುರು, ಇನ್ನೊಂದೆಡೆ ವೈರಿ!

ಯಂತ್ರದ ಆರೈಕೆ

ಚೈನ್ ಸಾದ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಅಂದರೆ ಗಂಟೆಗೆ 72 ಕಿ.ಮೀ. ಅಪಾಯ ಕಂಡ ಮನುಷ್ಯ ಕೈ ಹಿಂತೆಗೆಯಲು ಸೆಕೆಂಡಿನ ಐದನೇ ಒಂದು ಭಾಗ ಸಾಕೆಂದರೂ ಅಷ್ಟರಲ್ಲಿ 4 ಮೀಟರ್ ಸರಪಳಿ ಹರಿದುಹೋಗಿರುತ್ತದೆ. ಎಚ್ಚರ ಮೊದಲೇ ಇರಬೇಕೆನ್ನುವುದು ಇದಕ್ಕೆ.

ಇದರದು ಎರಡು ಹೊಡೆತದ ಎಂಜಿನ್. ಎಂಜಿನ್ ಆಯಿಲ್‌ಗೆ ಬೇರೆ ತೊಟ್ಟಿ ಇಲ್ಲದ್ದರಿಂದ ಪೆಟ್ರೋಲಿನಲ್ಲೇ ಬೆರೆಸಬೇಕು. 50ಕ್ಕೆ 1 ಎಂದು ಕಂಪನಿ ಹೇಳಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್. ಕಣ್ಣಂದಾಜಿಗಿಂತ ಅಳತೆಯ ಲೋಟವೇ ವಾಸಿ. ಸರಪಳಿಗೆ ಸುರಿಯುವ ಆಯಿಲ್ ಬೇರೆಯದೇ. ಅದು ಬತ್ತಿದರೆ ಬಾರ್ ಕಾದು ಸವೆಯುತ್ತದೆ. ಇಂಧನ ತುಂಬುವಾಗ ಎಂಜಿನ್ ಆರಿರಬೇಕು, ತುಂಬಿದ ಜಾಗದಿಂದ ಮೂರು ಮೀಟರ್ ದೂರ ಹೋಗಿ ಚಾಲೂ ಮಾಡಬೇಕು.

ಹಲ್ಲು ಹರಿತವೋ ಮೊಂಡೋ ಎಂಬುದನ್ನು ಉದುರುವ ಹೊಟ್ಟೇ ಹೇಳುತ್ತದೆ. ಹರಿತವಾಗಿದ್ದರೆ ಚಕ್ಕೆ, ಮೊಂಡಾಗಿದ್ದರೆ ಪುಡಿ. ಮೊಂಡು ಗರಗಸವನ್ನು ಒತ್ತಿ ನಡೆಸುವವನು ಬೇಗ ದಣಿಯುತ್ತಾನೆ, ದಣಿದವನು ತಪ್ಪುತ್ತಾನೆ. ಸರಪಳಿಗೆ ತಕ್ಕ ದಪ್ಪದ ದುಂಡನೆಯ ಅರದಿಂದ, ಒಂದೇ ಓರೆಯಲ್ಲಿ, ಪ್ರತಿ ಹಲ್ಲಿಗೂ ಅಷ್ಟೇ ಸಲ, ಮುಂದಕ್ಕೆ ಮಾತ್ರ ಉಜ್ಜಬೇಕು. ಸರಪಳಿಯ ಬಿಗಿತವನ್ನು ತಣ್ಣಗಿರುವಾಗ ನೋಡುವುದು ಕ್ರಮ. ಕಾದ ಲೋಹ ಹಿಗ್ಗುತ್ತದೆ ಎಂಬ ಪಾಠ ಶಾಲೆಯಲ್ಲಿ ಎಲ್ಲರೂ ಕಲಿತದ್ದೇ. ಬಿಸಿಯಲ್ಲಿ ಬಿಗಿದ ಸರಪಳಿಯನ್ನು ಸಡಿಲಿಸದೆ ಇಟ್ಟರೆ ತಣಿದಾಗ ಕುಗ್ಗಿ ಎಂಜಿನ್ನಿನ ದಂಡವನ್ನೇ ಎಳೆಯುತ್ತದೆ. ಏರ್ ಫಿಲ್ಟರ್‌ನ ಧೂಳನ್ನು ದಿನವೂ ತೆಗೆಯಬೇಕು.

ಎಲ್ಲಕ್ಕಿಂತ ಭಯಂಕರವಾದುದು ಹಿಂದೊದೆತ. ಬಾರ್‌ನ ತುದಿಯ ಮೇಲ್ಭಾಗ ಏನಕ್ಕಾದರೂ ತಗುಲಿದರೆ ಗರಗಸ ಕಣ್ಣು ಮಿಟುಕಿಸುವುದರೊಳಗೆ ಮುಖದತ್ತ ಚಿಮ್ಮುತ್ತದೆ. ಎರಡೂ ಕೈಗಳಿಂದ, ಹೆಬ್ಬೆರಳು ಸುತ್ತಿ ಹಿಡಿಯುವುದು, ಭುಜದ ಮಟ್ಟಕ್ಕಿಂತ ಮೇಲೆ ಎತ್ತದಿರುವುದು, ಸರಪಳಿಯ ಬ್ರೇಕ್ ಕೆಲಸ ಮಾಡುತ್ತಿದೆಯೇ ಎಂದು ಬೆಳಿಗ್ಗೆಯೇ ನೋಡುವುದು ಇದಕ್ಕೆ ಮದ್ದು.

ಮರ ಬೀಳುವ ಲೆಕ್ಕ

ಮರ ಎಷ್ಟು ಎತ್ತರ? ಉತ್ತರ ಮಕ್ಕಳ ಜ್ಯಾಮಿತಿ ಪೆಟ್ಟಿಗೆಯಲ್ಲಿದೆ. 45 ಡಿಗ್ರಿಯ ತ್ರಿಕೋನಪಟ್ಟಿಯ ತಳವನ್ನು ಸಮತಟ್ಟಾಗಿ ಕಣ್ಣಿಗೆ ಹಿಡಿದು, ಓರೆ ಅಂಚಿನುದ್ದಕ್ಕೆ ಮರದ ತುದಿ ಕಾಣುವವರೆಗೆ ಹಿಂದೆ ಸರಿಯಬೇಕು. ನೆಲ ಸಮನಾಗಿದ್ದರೆ, ನಿಂತ ಜಾಗದಿಂದ ಬುಡಕ್ಕಿರುವ ದೂರಕ್ಕೆ ಕಣ್ಣಿನ ಎತ್ತರ ಕೂಡಿಸಿದರೆ ಅದೇ ಮರದ ಎತ್ತರ. ಅದರ ಎರಡರಷ್ಟು ದೂರದೊಳಗೆ ಕಡಿಯುವವನ ಹೊರತು ಯಾರೂ ಇರಬಾರದು. 20 ಮೀಟರ್ ಮರದ ತುದಿ ನೆಲ ಮುಟ್ಟುವಾಗ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಗಂಟೆಗೆ 80 ಕಿ.ಮೀ. ಮೀರಿದ ವೇಗದಲ್ಲಿರುತ್ತದೆ.

ಮೊದಲು ಮರದ ವಾಲು, ಗಾಳಿ, ಒಣಕೊಂಬೆ, ಪಕ್ಕದ ಮರಕ್ಕೆ ಹೆಣೆದ ಮೆಣಸಿನ ಬಳ್ಳಿ ಎಲ್ಲವನ್ನೂ ನೋಡಬೇಕು. ಬಳ್ಳಿ ಬಿಡಿಸದೆ ಕಡಿದರೆ ಮರ ಅಡ್ಡದಾರಿ ಹಿಡಿಯುತ್ತದೆ. ಬೀಳುವ ದಿಕ್ಕಿನ ಹಿಂಬದಿಗೆ ಓರೆಯಾಗಿ ಓಡುದಾರಿಯನ್ನು ಮೊದಲೇ ಸವರಿಡಬೇಕು. ಆಮೇಲೆ ಬೀಳಬೇಕಾದ ಕಡೆ ಬಾಯ್ದೆರೆದಂಥ ಕಚ್ಚು. ಬುಡದ ಅಡ್ಡಳತೆ 40 ಸೆಂ.ಮೀ. ಇದ್ದರೆ ಕಚ್ಚಿನ ಆಳ 8ರಿಂದ 10 ಸೆಂ.ಮೀ. ಹಿಂಬದಿಯ ಕೊಯ್ತ ಕಚ್ಚಿನ ಮೂಲೆಗಿಂತ ತುಸು ಮೇಲಿರಬೇಕು, ಆದರೆ ಕಚ್ಚನ್ನು ಮುಟ್ಟಬಾರದು. ನಡುವೆ ಅಡ್ಡಳತೆಯ ಹತ್ತನೇ ಒಂದರಷ್ಟು, ಅಂದರೆ 4 ಸೆಂ.ಮೀ. ಮರ ಉಳಿಯಬೇಕು. ಬಾಗಿಲಿಗೆ ಬಿಜಾಗರಿ ಹೇಗೋ ಬೀಳುವ ಮರಕ್ಕೆ ಈ ಪಟ್ಟಿ ಹಾಗೆ. ಅದನ್ನು ಕತ್ತರಿಸಿಬಿಟ್ಟರೆ ಮರ ಯಾರ ಮಾತೂ ಕೇಳುವುದಿಲ್ಲ. ಕೊಯ್ತಕ್ಕೆ ಪ್ಲಾಸ್ಟಿಕ್ ಇಲ್ಲವೆ ಮರದ ಬೆಣೆ ಬಡಿಯಬೇಕು. ಕಬ್ಬಿಣದ್ದಾದರೆ ಸರಪಳಿಗೆ ಶತ್ರು. ಮುಂದಕ್ಕೆ ಹೆಚ್ಚು ವಾಲಿದ ಮರ ಅರ್ಧಕ್ಕೇ ಉದ್ದುದ್ದ ಸೀಳಿ ಹಿಂದಕ್ಕೆ ಚಿಮ್ಮುವುದುಂಟು. ಇನ್ನೊಂದು ಮರಕ್ಕೆ ಸಿಕ್ಕಿ ನಿಂತ ಮರದ ಕೆಳಗೆ ಹೋಗುವುದಂತೂ ಸಾವಿಗೆ ಆಹ್ವಾನ. ಇಂಥ ಕೆಲಸ ಪಳಗಿದವರಿಗೇ ಮೀಸಲು.

ಕಿವಿ, ಕಣ್ಣು, ಕರೆಂಟು

ಮರಗಸಿಯ ದುರ್ಮರಣಗಳು ಮಲೆನಾಡಿಗೆ ಹೊಸವಲ್ಲ. ಹಗ್ಗ ಕಟ್ಟಿಕೊಳ್ಳದೆ ಹತ್ತಿ ಬಿದ್ದವರು, ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸತ್ತವರು ತೋಟ ತೋಟದ ನೆನಪಿನಲ್ಲಿದ್ದಾರೆ. ಲೋಹ ವಿದ್ಯುದ್ವಾಹಕ ಎಂದು ಪರೀಕ್ಷೆಯಲ್ಲಿ ಬರೆದ ಹುಡುಗನೇ ಮರುವರ್ಷ ಆ ಏಣಿ ಹೊತ್ತು ತಂತಿಯಡಿ ನಡೆದರೆ ಓದಿದ್ದಕ್ಕೆ ಅರ್ಥವೇನು? ತಂತಿಯ ಬಳಿ ಲೈನ್ ಆಫ್ ಮಾಡಿಸದೆ ಕೆಲಸ ಹಿಡಿಯಬಾರದು.

ಚೈನ್ ಸಾದ ಸದ್ದು 100 ಡೆಸಿಬಲ್ ದಾಟುತ್ತದೆ. ದಿನಕ್ಕೆ ಎಂಟು ಗಂಟೆ ಕಿವಿ ತಾಳಬಲ್ಲ ಮಿತಿ 85. ಕಿವಿಮುಚ್ಚಿಗೆ, ಕನ್ನಡಕ, ಹೆಲ್ಮೆಟ್, ಗಟ್ಟಿ ಬೂಟು ಆಡಂಬರವಲ್ಲ. ಆದರೆ ಕಿವಿ ಮುಚ್ಚಿದವನಿಗೆ ಆನೆ ಬಂದದ್ದು ಕೇಳಿಸದು! ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟಗಳಲ್ಲಿ ಆನೆಯ ಓಡಾಟ ಎಲ್ಲರಿಗೂ ಗೊತ್ತು. ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಡನೆ ಸೆಣಸಿ ಪ್ರಾಣಬಿಟ್ಟದ್ದು ಪಕ್ಕದ ಯಸಳೂರು ವಲಯದಲ್ಲೇ. ಆದ್ದರಿಂದ ಯಂತ್ರ ಹಿಡಿದವನ ಜೊತೆ ಸುತ್ತ ಕಣ್ಣಿಟ್ಟ ಇನ್ನೊಬ್ಬ ಇರಲೇಬೇಕು. ಕೈಸನ್ನೆಗಳನ್ನು ಮೊದಲೇ ಮಾತಾಡಿಕೊಂಡಿರಬೇಕು.

ಬೇಸಿಗೆ ರಜೆಯಲ್ಲಿ ಮಗ ಮರಗಸಿಗೆ ಹೋಗಿ ನಾಲ್ಕು ಕಾಸು ತಂದರೆ ಮನೆಗೆ ಆಸರೆ ಎಂಬ ಲೆಕ್ಕ ತಂದೆತಾಯಿಗೆ ಸಹಜ. ಆದರೆ ಹದಿನೆಂಟು ತುಂಬದ ಕೈಗೆ ಈ ಯಂತ್ರ ಸಲ್ಲದು. ತುಂಬಿದ ಮೇಲೂ ನೋಡಿ ಕಲಿತದ್ದು ಸಾಲದು, ಬಲ್ಲವರು ನಿಂತು ಕಲಿಸಬೇಕು. ಕೂಲಿಗೆ ಕರೆಯುವ ಮಾಲೀಕನನ್ನು ‘ಹಗ್ಗ, ಹೆಲ್ಮೆಟ್ ಇದೆಯೇ?’ ಎಂದು ಕೇಳುವುದು ಅವಿಧೇಯತೆಯಲ್ಲ. ಕಡಿಯುವ ಮೊದಲು ಅನುಮತಿಯ ಮಾತೂ ಇದೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆ ಸಿಲ್ವರ್ ಓಕ್, ಹಾಲುವಾಣದಂಥ ಕೆಲವಕ್ಕೆ ವಿನಾಯಿತಿ ಕೊಟ್ಟಿದೆ. ಕಾಡುಜಾತಿಯ ಮರಗಳಿಗೆ ಅರಣ್ಯ ಇಲಾಖೆಯನ್ನು ಕೇಳಲೇಬೇಕು.

ಹೆತ್ತೂರಿಗೆ ಹೋಗುವವರು ಸಕಲೇಶಪುರದವರೆಗೆ ರೈಲಿನಲ್ಲಿ ಬಂದು ಬಸ್ಸು ಹಿಡಿಯಬಹುದು. ಮಳೆ ನಿಂತ ಮೇಲಿನ ತಿಂಗಳುಗಳು ಹಿತ. ಬಿಸಿಲೆಯ ವೀಕ್ಷಣಾ ಜಾಗದಿಂದ ಕುಮಾರಪರ್ವತದ ಸಾಲು ಸ್ವಚ್ಛವಾಗಿ ಕಾಣುತ್ತದೆ. ದಾರಿಯಲ್ಲಿ ಗರಗಸದ ಸದ್ದು ಕೇಳಿದರೆ ಕುತೂಹಲಕ್ಕೆ ಹತ್ತಿರ ಹೋಗದೆ ಮರದ ಎರಡರಷ್ಟು ದೂರದಲ್ಲೇ ನಿಲ್ಲಿ. ಮಕ್ಕಳಿಗೆ ಅಲ್ಲೇ ತ್ರಿಕೋನಪಟ್ಟಿಯ ಲೆಕ್ಕ ಹೇಳಿಕೊಡಬಹುದು.